ಕಿವಿಯ ಬಾಗಿಲಿಗೆ ಬಂದ ಬೋಧಕರು

ಉಪದೇಶ ಕೇಳುತ್ತ ಕೇಳುತ್ತ ನಿದ್ದೆಹೋದ ಹುಡುಗನೊಬ್ಬನ ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಬರುತ್ತದೆ. ಊರು ತ್ರೋವ. ಮಹಡಿಯ ಕೋಣೆಯ ತುಂಬ ದೀಪಗಳು. ಮರುದಿನ ಊರು ಬಿಡಬೇಕಾಗಿದ್ದ ಪೌಲ ನಡುರಾತ್ರಿಯವರೆಗೂ ಮಾತನಾಡುತ್ತಲೇ ಇದ್ದ. ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಯುವಕನಿಗೆ ಜೊಂಪು ಹತ್ತಿತು. ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದವರು ಸತ್ತೇಹೋದನೆಂದುಕೊಂಡರು. ಪೌಲ ಮಾತು ನಿಲ್ಲಿಸಿ ಕೆಳಗಿಳಿದು ಬಂದ, ಹುಡುಗನನ್ನು ತಬ್ಬಿಕೊಂಡ, ಜೀವವಿದೆ ಎಂದು ಹೇಳಿ ಸುತ್ತಲಿನವರ ಗಾಬರಿ ಇಳಿಸಿದ. ಮತ್ತೆ ಮೇಲೆ ಹೋಗಿ ರೊಟ್ಟಿ ಮುರಿದು ಉಂಡು, ಬೆಳಗಾಗುವ ತನಕ ಮಾತು ಮುಂದುವರಿಸಿದ.

ಉದ್ದುದ್ದ ಪ್ರಸಂಗಗಳನ್ನು ಗೇಲಿ ಮಾಡುವವರು ಈ ಕಥೆಯನ್ನು ನೆನೆಯುವುದುಂಟು. ಆದರೆ ಅದರೊಳಗೆ ಇನ್ನೊಂದು ಸಂಗತಿಯೂ ಇದೆ. ಕೇಳುವವನು ಬಿದ್ದದ್ದು ಹೇಳುವವನಿಗೆ ತಿಳಿಯಿತು. ಹೇಳುವವನು ಇಳಿದು ಬಂದ. ಇಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಉಪದೇಶ ಕೇಳುವವನು ಬಿದ್ದರೂ ಎದ್ದರೂ ಆ ದನಿ ತನ್ನ ಪಾಡಿಗೆ ತಾನು ಸಾಗುತ್ತದೆ. ದನಿಯೊಡೆಯನಿಗೆ ಕೇಳುಗನ ಹೆಸರು ತಿಳಿಯದು, ಮನೆ ತಿಳಿಯದು, ಅವನ ಸಂಕಟವೂ ತಿಳಿಯದು. ಆದ್ದರಿಂದಲೇ ಯಾವ ದನಿಯನ್ನು ಕಿವಿಗೆ ಬಿಟ್ಟುಕೊಳ್ಳಬೇಕು ಎಂಬ ಆಯ್ಕೆ ಹಿಂದೆಂದಿಗಿಂತ ಹೆಚ್ಚು ಮುಖ್ಯವಾಗಿದೆ.

ಕ್ರೈಸ್ತ ಪಾಡ್‌ಕಾಸ್ಟ್‌ಗಳ ವಿಷಯದಲ್ಲಿ ಈ ಆಯ್ಕೆ ಸುಲಭವಲ್ಲ. ಇಲ್ಲಿ ಕೊರತೆಯ ಕಷ್ಟವಿಲ್ಲ, ಇರುವುದು ಸಮೃದ್ಧಿಯ ಕಷ್ಟ. ಪ್ರಾರ್ಥನೆ, ಬೈಬಲ್ ಪಾಠ, ಭಾನುವಾರದ ಪ್ರಸಂಗ, ಸಂತರ ಚರಿತ್ರೆ, ವಾದ, ಪ್ರತಿವಾದ ಎಲ್ಲವೂ ಒಂದೇ ಸಂತೆಯಲ್ಲಿ ಹರಡಿಕೊಂಡಿವೆ. ಎಲ್ಲಕ್ಕೂ ಒಂದೇ ಬೆಲೆ, ಅಂದರೆ ಪುಕ್ಕಟೆ. ಪುಕ್ಕಟೆ ಸಿಗುವ ಸರಕನ್ನು ಯಾರೂ ಹೆಚ್ಚು ತಿರುಗಿಸಿ ನೋಡುವುದಿಲ್ಲ.

ಕಾವಲುಗಾರನಿಲ್ಲದ ಬಾಗಿಲು

ಪಾಡ್‌ಕಾಸ್ಟ್ ಎಂಬ ಪದದ ವಯಸ್ಸು ಹೆಚ್ಚಿಲ್ಲ. 2004ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತರು, ಅಂತರ್ಜಾಲದಲ್ಲಿ ಹುಟ್ಟಿಕೊಳ್ಳುತ್ತಿದ್ದ ಈ ಬಗೆಯ ಧ್ವನಿ ಕಾರ್ಯಕ್ರಮಗಳಿಗೆ ಏನು ಹೆಸರಿಡಬಹುದು ಎಂದು ಕೆಲವು ಪದಗಳನ್ನು ಮುಂದಿಟ್ಟರು. ಆ ಕಾಲದ ಐಪಾಡ್ ಯಂತ್ರ ಮತ್ತು ಬ್ರಾಡ್‌ಕಾಸ್ಟ್ ಎಂಬ ಪದ ಕೂಡಿ ಆದ ಈ ಹೆಸರು ನಿಂತಿತು. 2005ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟ ಮೇಲೆ ಅದು ಮನೆಮಾತಾಯಿತು.

ಧರ್ಮೋಪದೇಶ ಗಾಳಿಯಲ್ಲಿ ಹರಿದು ಬಂದದ್ದು ಮಾತ್ರ ಅದಕ್ಕೂ ಎಷ್ಟೋ ಮೊದಲು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ರೇಡಿಯೊ ಕೇಂದ್ರ 1921ರ ಜನವರಿ 2ರಂದು ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನ ಆರಾಧನೆಯನ್ನು ಪ್ರಸಾರ ಮಾಡಿತು. ಭಕ್ತರ ಗಮನ ಕದಡದಿರಲೆಂದು ತಂತ್ರಜ್ಞರಿಗೂ ಗಾಯನವೃಂದದ ನಿಲುವಂಗಿ ತೊಡಿಸಿ ಕೂರಿಸಿದ್ದರಂತೆ. 1931ರ ಫೆಬ್ರುವರಿಯಲ್ಲಿ ವ್ಯಾಟಿಕನ್ ರೇಡಿಯೊ ಆರಂಭವಾಯಿತು. ಅದನ್ನು ಕಟ್ಟಿಕೊಟ್ಟವರು ಸ್ವತಃ ಮಾರ್ಕೋನಿ. ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪದಿಂದ ಫೀಬಾ ಎಂಬ ಸಂಸ್ಥೆ 1970ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಶಾರ್ಟ್‌ವೇವ್‌ನಲ್ಲಿ ಭಾರತೀಯ ಭಾಷೆಗಳಲ್ಲಿ ಪ್ರಸಾರ ಮಾಡಿತು. ರಾತ್ರಿ ಹೊತ್ತು ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸಿ ಗೊರಗೊರ ಸದ್ದಿನ ನಡುವೆ ಆ ದನಿ ಹಿಡಿಯುತ್ತಿದ್ದವರು ಇಂದಿಗೂ ಇದ್ದಾರೆ.

ರೇಡಿಯೊ ಪ್ರಸಾರಕ್ಕೆ ಗೋಪುರ ಬೇಕಿತ್ತು, ಪರವಾನಗಿ ಬೇಕಿತ್ತು, ದಿನದ ಗಂಟೆಗಳನ್ನು ಹಂಚುವವರು ಒಬ್ಬರು ಇರಬೇಕಿತ್ತು. ಹಾಗೆಂದು ಅಲ್ಲಿ ಎಲ್ಲವೂ ಶುದ್ಧವಾಗಿತ್ತೆಂದು ಅರ್ಥವಲ್ಲ. ಡೆಟ್ರಾಯಿಟ್ ಬಳಿಯ ಕ್ಯಾಥೊಲಿಕ್ ಪಾದ್ರಿ ಚಾರ್ಲ್ಸ್ ಕೊಗ್ಲಿನ್ 1930ರ ದಶಕದಲ್ಲಿ ಕೋಟ್ಯಂತರ ಅಮೆರಿಕನ್ನರನ್ನು ರೇಡಿಯೊ ಮುಂದೆ ಕೂರಿಸಿಕೊಂಡರು. ಬರಬರುತ್ತ ಅವರ ಮಾತು ಯೆಹೂದ್ಯರ ಮೇಲಿನ ದ್ವೇಷಕ್ಕೆ ತಿರುಗಿತು. ಆದರೆ ಅವರನ್ನು ಪ್ರಶ್ನಿಸಬಲ್ಲವರು ಇದ್ದರು. ಪ್ರಸಾರಕರ ಸಂಘದ ನಿಯಮಗಳು ಬಿಗಿಯಾಗಿ ರೇಡಿಯೊ ಅವರ ಕೈತಪ್ಪಿತು. 1942ರಲ್ಲಿ ಅವರ ಬಿಷಪ್ ರಾಜಕೀಯ ಚಟುವಟಿಕೆ ನಿಲ್ಲಿಸುವಂತೆ ಆಜ್ಞಾಪಿಸಿದಾಗ ಅವರು ತಲೆಬಾಗಿ, ತಮ್ಮ ಚರ್ಚಿನ ಸೇವೆಯಲ್ಲಿ ಉಳಿದರು. ತಡವಾಗಿಯಾದರೂ ಬಾಗಿಲು ಹಾಕುವವರು ಅಲ್ಲಿದ್ದರು ಎಂಬುದು ಮುಖ್ಯ.

ಪಾಡ್‌ಕಾಸ್ಟ್‌ಗೆ ಒಂದು ಮೈಕು, ಒಂದು ಕಂಪ್ಯೂಟರು ಸಾಕು. ಬಾಗಿಲಿಗೆ ಕಾವಲುಗಾರನಿಲ್ಲ. ಹಿಂದೆ ಸಂಪಾದಕನೋ ಬಿಷಪ್ಪನೋ ಸಭೆಯ ಹಿರಿಯರೋ ಮಾಡುತ್ತಿದ್ದ ಜರಡಿ ಹಿಡಿಯುವ ಕೆಲಸ ಈಗ ಕೇಳುಗನ ಕೈಗೇ ಬಂದಿದೆ. ಆ ಜರಡಿ ಎಂಥದಿರಬೇಕು?

ಮೂರು ದಿನದ ಅತಿಥಿ

ಉತ್ತರ ಹಳೆಯದೊಂದು ಪುಟ್ಟ ಪುಸ್ತಕದಲ್ಲಿದೆ. ಅದರ ಹೆಸರು ‘ಡಿಡಾಖೆ’. ಗ್ರೀಕ್ ಭಾಷೆಯಲ್ಲಿ ಬೋಧನೆ ಎಂದರ್ಥ. ಬೈಬಲಿಗೆ ಸೇರದಿದ್ದರೂ ಆದಿ ಕ್ರೈಸ್ತರು ಗೌರವದಿಂದ ಕಾಣುತ್ತಿದ್ದ ಈ ಕೃತಿ ಕ್ರಿಸ್ತಶಕ ಒಂದನೆಯ ಶತಮಾನದ ಕೊನೆ ಇಲ್ಲವೇ ಎರಡನೆಯದರ ಆರಂಭದ್ದೆಂದು ಹೆಚ್ಚಿನ ವಿದ್ವಾಂಸರ ಎಣಿಕೆ. ನೂರಾರು ವರ್ಷ ಹೆಸರಷ್ಟೇ ಉಳಿದು ಪಠ್ಯ ಕಾಣೆಯಾಗಿತ್ತು. 1873ರಲ್ಲಿ ಫಿಲೋಥಿಯೋಸ್ ಬ್ರಯೆನ್ನಿಯೋಸ್ ಎಂಬ ಗ್ರೀಕ್ ಧರ್ಮಗುರುಗಳಿಗೆ ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಭಂಡಾರವೊಂದರಲ್ಲಿ, 1056ರಲ್ಲಿ ಪ್ರತಿ ಮಾಡಿದ ಹಸ್ತಪ್ರತಿಯೊಳಗೆ ಅದು ಸಿಕ್ಕಿತು. 1883ರಲ್ಲಿ ಅಚ್ಚಾಯಿತು.

ಆ ಕಾಲದಲ್ಲಿ ಊರಿಂದೂರಿಗೆ ನಡೆದು ಬೋಧಿಸುವ ಸಂಚಾರಿ ಬೋಧಕರು, ಪ್ರವಾದಿಗಳು ಬಹಳ ಮಂದಿ ಇದ್ದರು. ಅವರಲ್ಲಿ ನಿಜವಾದವರೂ ಇದ್ದರು, ಹೊಟ್ಟೆಪಾಡಿಗೆ ವೇಷ ಕಟ್ಟಿದವರೂ ಇದ್ದರು. ಊರಿನ ಸಾಮಾನ್ಯ ಭಕ್ತರು ಅವರನ್ನು ಅಳೆಯುವುದು ಹೇಗೆ? ಡಿಡಾಖೆ ಕೊಡುವ ಅಳತೆಗೋಲುಗಳು ತೀರ ಸರಳ. ಬಂದವನನ್ನು ಆದರದಿಂದ ಒಳಗೆ ಕರೆಯಿರಿ. ಅವನು ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡು ದಿನ. ಮೂರನೆಯ ದಿನವೂ ಠಿಕಾಣಿ ಹೂಡಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ಊರು ಮುಟ್ಟುವವರೆಗಿನ ಬುತ್ತಿ ಕೊಡಿ. ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶ ಬಂದವನಂತೆ ಊಟದ ಮೇಜು ಹಾಕಿಸಿ ತಾನೇ ಕುಳಿತು ಉಂಡರೆ ಅವನೂ ಅಂಥವನೇ. ಸತ್ಯವನ್ನೇ ಬೋಧಿಸಿ ಅದರಂತೆ ನಡೆಯದವನೂ ಅಂಥವನೇ.

ಇವು ಪಂಡಿತರಿಗಾಗಿ ಬರೆದ ಸೂತ್ರಗಳಲ್ಲ. ದೇವತಾಶಾಸ್ತ್ರ ಓದದ, ರಾತ್ರಿ ಬಾಗಿಲು ಬಡಿದವನಿಗೆ ಚಾಪೆ ಹಾಸಬೇಕಾದ ಮನೆಯವರಿಗೆ ಬರೆದವು. ಮೊಬೈಲಿನ ಮೂಲಕ ಬಾಗಿಲು ಬಡಿಯುವ ಇಂದಿನ ಸಂಚಾರಿ ಬೋಧಕರಿಗೂ ಇವು ಅಷ್ಟೇ ಚೆನ್ನಾಗಿ ಒಪ್ಪುತ್ತವೆ.

ನುಡಿ ಮತ್ತು ನಡೆ

ಮೊದಲು ಕೊನೆಯ ಅಳತೆಯನ್ನೇ ತೆಗೆದುಕೊಳ್ಳಬೇಕು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಹುಟ್ಟಿದ ನಾಡಿಗೆ ಇದು ಹೊಸದಲ್ಲ. ಆದರೆ ಬೋಧಕ ಸಾವಿರಾರು ಮೈಲಿ ಆಚೆ ಇದ್ದಾಗ ಬದನೆಕಾಯಿ ತಿನ್ನುವುದು ಕಾಣುವುದು ಹೇಗೆ?

ಅಮೆರಿಕದ ಸಿಯಾಟಲ್ ನಗರದ ಮಾರ್ಸ್ ಹಿಲ್ ಸಭೆಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1996ರಲ್ಲಿ ಚಿಕ್ಕದಾಗಿ ಹುಟ್ಟಿದ ಈ ಸಭೆಯ ಬೋಧಕ ಮಾರ್ಕ್ ಡ್ರಿಸ್ಕಾಲ್. ಮಾತಿನ ಮೋಡಿ, ಹಾಸ್ಯ, ಬಿರುಸು ಎಲ್ಲವೂ ಇದ್ದವರು. ಪಾಡ್‌ಕಾಸ್ಟ್ ಬಂದ ಹೊಸತರಲ್ಲೇ ಅವರ ಪ್ರಸಂಗಗಳು ದೇಶವಿದೇಶಗಳ ಕಿವಿ ಮುಟ್ಟಿದವು. ಸಭೆಯೂ ಐದು ರಾಜ್ಯಗಳಿಗೆ ಹಬ್ಬಿತು. ಆದರೆ 2007ರಲ್ಲೇ ಸಭೆಯ ನಿಯಮಾವಳಿ ಬದಲಾಯಿಸಿ ಅಧಿಕಾರವನ್ನು ಕೆಲವರ ಕೈಗೆ ಸೇರಿಸಲಾಗಿತ್ತು. ಆಕ್ಷೇಪಿಸಿದ ಇಬ್ಬರು ಹಿರಿಯರನ್ನು ಹೊರಹಾಕಲಾಗಿತ್ತು. 2014ರಲ್ಲಿ ದರ್ಪ, ಬೆದರಿಕೆಯ ನಡವಳಿಕೆಯ ದೂರುಗಳು ಬಯಲಿಗೆ ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಡ್ರಿಸ್ಕಾಲ್ ರಾಜೀನಾಮೆ ಕೊಟ್ಟರು. 2015 ಹುಟ್ಟುವ ಹೊತ್ತಿಗೆ ಆ ದೊಡ್ಡ ಸಭೆ ಒಡೆದು ಚೂರಾಗಿತ್ತು. ವಿಚಿತ್ರವೆಂದರೆ ಈ ಏಳುಬೀಳಿನ ಕಥೆಯನ್ನು ಜಗತ್ತಿಗೆ ವಿವರವಾಗಿ ತಿಳಿಸಿದ್ದೂ ಒಂದು ಪಾಡ್‌ಕಾಸ್ಟೇ. ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆಗಾಗಿ ಮೈಕ್ ಕಾಸ್ಪರ್ 2021ರಲ್ಲಿ ಅದನ್ನು ನಿರೂಪಿಸಿದರು.

ಸಾವಿರಾರು ಕೇಳುಗರು ಆ ಪ್ರಸಂಗಗಳಲ್ಲಿ ಕೇಳಿದ ಬೈಬಲ್ ವಾಕ್ಯಗಳು ಸುಳ್ಳಾಗಿರಲಿಲ್ಲ. ಕೆಲವರ ಬದುಕು ಅವುಗಳಿಂದ ತಿದ್ದಿಕೊಂಡಿದ್ದೂ ಇರಬಹುದು. ಆದರೆ ಸಭೆಯೊಳಗೆ ಇದ್ದು ನೋಯಿಸಿಕೊಂಡವರಿಗೆ ಗೊತ್ತಿದ್ದದ್ದು ಹೊರಗೆ ದನಿಯನ್ನಷ್ಟೇ ಕೇಳುತ್ತಿದ್ದವರಿಗೆ ಗೊತ್ತಾಗಲಿಲ್ಲ. ಮೈಕು ದನಿಯನ್ನು ಹಿಡಿಯುತ್ತದೆ, ನಡತೆಯನ್ನು ಹಿಡಿಯುವುದಿಲ್ಲ.

ಭಾರತಕ್ಕೆ ಇನ್ನೂ ಹತ್ತಿರದ ಉದಾಹರಣೆ ರವಿ ಝಕರಾಯಸ್ ಅವರದು. 1946ರಲ್ಲಿ ಮದರಾಸಿನಲ್ಲಿ ಹುಟ್ಟಿ, ಮುಂದೆ ಕೆನಡಾ ಮತ್ತು ಅಮೆರಿಕದಲ್ಲಿ ನೆಲೆಸಿ, ಕ್ರೈಸ್ತ ನಂಬಿಕೆಯ ಪರವಾಗಿ ವಾದಿಸುವುದರಲ್ಲಿ ಜಗತ್ತಿನಾದ್ಯಂತ ಹೆಸರಾದವರು. ಅವರ ಭಾಷಣಗಳನ್ನು ರೇಡಿಯೊದಲ್ಲೂ ಪಾಡ್‌ಕಾಸ್ಟ್‌ನಲ್ಲೂ ಕೇಳಿದ ಭಾರತೀಯರು ಬಹಳ. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. 2021ರ ಫೆಬ್ರುವರಿಯಲ್ಲಿ, ಅವರ ಸಂಸ್ಥೆಯೇ ನೇಮಿಸಿದ ವಕೀಲರ ತನಿಖಾ ವರದಿ ಹೊರಬಿತ್ತು. ಅವರು ಮಹಿಳೆಯರೊಂದಿಗೆ ಲೈಂಗಿಕ ದುರ್ವರ್ತನೆ ನಡೆಸಿದ್ದರೆಂದು ಅದು ಹೇಳಿತು. ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು. ವರ್ಷಗಟ್ಟಲೆ ಆ ದನಿಯನ್ನು ನಂಬಿ ತಮ್ಮ ಸಂದೇಹಗಳನ್ನು ತೀರಿಸಿಕೊಂಡಿದ್ದವರ ಸ್ಥಿತಿ ಏನಾಗಿರಬೇಡ?

ಹಾಗಾದರೆ ದೂರದ ಕೇಳುಗ ಮಾಡಬೇಕಾದ್ದೇನು? ಪತ್ತೇದಾರಿಕೆ ಅವನ ಕೆಲಸವಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳುವುದು ಅವನಿಗೆ ಸಾಧ್ಯ: ಈ ಬೋಧಕ ಯಾರಿಗೆ ಉತ್ತರ ಹೇಳಬೇಕಾದವನು? ಇವನಿಗೊಂದು ಸಭೆ ಇದೆಯೇ, ಧರ್ಮಪ್ರಾಂತ ಇದೆಯೇ, ಸಂನ್ಯಾಸಿ ಸಂಘ ಇದೆಯೇ? ತಪ್ಪಿದಾಗ ಕಿವಿ ಹಿಂಡುವ ಹಿರಿಯರು ಇದ್ದಾರೆಯೇ, ಅಥವಾ ಸುತ್ತಲಿರುವವರೆಲ್ಲ ಅವನ ಸಂಬಳ ತಿನ್ನುವವರೇ? ಟೀಕೆ ಬಂದಾಗ ಉತ್ತರ ಕೊಡುತ್ತಾನೆಯೇ, ಅಥವಾ ಟೀಕಿಸಿದವರನ್ನು ಸೈತಾನನ ಕಡೆಯವರೆಂದು ತಳ್ಳಿಹಾಕುತ್ತಾನೆಯೇ? ಒಂದೆರಡು ಕಂತು ಕೇಳಿದರೆ ಇಷ್ಟು ತಿಳಿಯುತ್ತದೆ. ಉತ್ತರ ಹೇಳಬೇಕಾದ ಯಾರೂ ಇಲ್ಲದ ಬೋಧಕ ಎಷ್ಟೇ ಸೊಗಸಾಗಿ ಮಾತನಾಡಲಿ, ಅವನಿಂದ ಸ್ವಲ್ಪ ದೂರವಿರುವುದು ಲೇಸು.

ಬುತ್ತಿಯೂ ಗಂಟೂ

ಎರಡನೆಯ ಅಳತೆ ಹಣದ್ದು. ಡಿಡಾಖೆ ಇಲ್ಲಿ ನ್ಯಾಯವಾಗಿಯೇ ಮಾತನಾಡುತ್ತದೆ. ಬುತ್ತಿ ಕೊಡಬೇಡಿ ಎಂದು ಅದು ಹೇಳುವುದಿಲ್ಲ. ಬೇರೆ ಬಡವರಿಗಾಗಿ ಕೇಳಿದರೆ ಅವನನ್ನು ಯಾರೂ ತೀರ್ಪು ಮಾಡಬಾರದು ಎಂದೂ ಸೇರಿಸುತ್ತದೆ. ಪಾಡ್‌ಕಾಸ್ಟ್ ನಡೆಸಲು ಖರ್ಚಿದೆ. ಸಂಕಲನಕಾರನಿಗೆ ಸಂಬಳ, ಸಂಗೀತಕ್ಕೆ ಹಣ ಬೇಕು. ಕಂತಿನ ಕೊನೆಯಲ್ಲಿ ಒಮ್ಮೆ, ಆದರೆ ನೆರವಾಗಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಟಿಮ್ ಮ್ಯಾಕಿ ಮತ್ತು ಜಾನ್ ಕಾಲಿನ್ಸ್ ಕಟ್ಟಿದ ‘ಬೈಬಲ್ ಪ್ರಾಜೆಕ್ಟ್’ ಜನರ ದೇಣಿಗೆಯಿಂದಲೇ ನಡೆಯುತ್ತದೆ. ಅದರ ಪಾಠಗಳೆಲ್ಲ ಉಚಿತ.

ಎಚ್ಚರವಹಿಸಬೇಕಾದ್ದು ಬೇರೆ ಬಗೆಯ ಬೇಡಿಕೆಯ ಬಗ್ಗೆ. ಕಾಣಿಕೆ ಬಿತ್ತಿದರೆ ನೂರುಪಟ್ಟು ಬೆಳೆ ಎನ್ನುವವರು, ರೋಗ ವಾಸಿಗೂ ವೀಸಾ ಮಂಜೂರಾತಿಗೂ ಮೊಬೈಲ್ ಪಾವತಿಯ ಸಂಖ್ಯೆಗೂ ಗಂಟು ಹಾಕುವವರು, ಎರಡು ಸಾವಿರ ವರ್ಷದ ಹಿಂದೆಯೇ ಡಿಡಾಖೆಯ ಜರಡಿಯಲ್ಲಿ ಸಿಕ್ಕಿಬಿದ್ದವರ ವಂಶದವರು. ಸಾಲದಲ್ಲಿ, ಕಾಯಿಲೆಯಲ್ಲಿ ನರಳುವವರೇ ಇಂಥವರಿಗೆ ಬೇಗ ಸಿಗುತ್ತಾರೆ. ಬೋಧಕನ ಮಾತಿನಂತೆ ಬೆಳೆ ಬಾರದಿದ್ದಾಗ ತಮ್ಮ ನಂಬಿಕೆಯೇ ಸಾಲದಾಯಿತೆಂದು ಹಲುಬುವವರೂ ಅವರೇ. ಹಣ ಹೋದದ್ದಕ್ಕಿಂತ ಇದು ದೊಡ್ಡ ನಷ್ಟ.

ಹಣದ ಜೊತೆಗೇ ಸಂಖ್ಯೆಯ ಮಾತೂ ಬರುತ್ತದೆ. ಇಷ್ಟು ಲಕ್ಷ ಜನ ಕೇಳಿದರು, ಪಟ್ಟಿಯಲ್ಲಿ ಮೊದಲ ಸ್ಥಾನ ಬಂತು ಎಂಬುದು ಗುಣಕ್ಕೆ ಸಾಕ್ಷಿಯಲ್ಲ. ಮಾರ್ಸ್ ಹಿಲ್ ಸಭೆ ತನ್ನ ಬೋಧಕರ ಪುಸ್ತಕವನ್ನು ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಗೆ ಏರಿಸಲು ಮಾರಾಟ ಸಂಸ್ಥೆಯೊಂದಕ್ಕೆ ಹಣ ತೆತ್ತಿದ್ದು 2014ರಲ್ಲಿ ಬಯಲಾಯಿತು. ಜಾತ್ರೆಯಲ್ಲಿ ಜನ ಸೇರಿದ ಕಡೆಯಲ್ಲೆಲ್ಲ ದೇವರಿರುವುದಿಲ್ಲ. ಕೆಲವೆಡೆ ಗೊಂಬೆಯಾಟವೂ ಇರುತ್ತದೆ.

ಕೊನೆಯಿರುವ ಕಾರ್ಯಕ್ರಮ

ಮೂರನೆಯದು ಅತಿಥಿಯ ದಿನಗಳ ಲೆಕ್ಕ. ಒಳ್ಳೆಯ ಬೋಧಕ ಹೇಳಬೇಕಾದ್ದು ಹೇಳಿ ಹೊರಡುತ್ತಾನೆ. ಮನೆಯವರನ್ನು ತನಗೆ ಅಂಟಿಸಿಕೊಳ್ಳುವುದಿಲ್ಲ. ಪಾಡ್‌ಕಾಸ್ಟ್‌ಗಳಲ್ಲಿಯೂ ಈ ಎರಡು ಜಾತಿಗಳಿವೆ. ಒಂದು, ಕೇಳುಗನಿಗೆ ಏನೋ ಒಂದನ್ನು ಕೈಗಿತ್ತು ತಾನು ಸರಿಯುವಂಥದು. ಇನ್ನೊಂದು, ನಾಳೆಯೂ ಬರಲೇಬೇಕೆಂದು ಹಸಿವು ಹುಟ್ಟಿಸುವಂಥದು.

ಮೊದಲ ಜಾತಿಗೆ ಎರಡು ಉದಾಹರಣೆ ಕೊಡಬಹುದು. ಬ್ರಿಟನ್ನಿನ ಯೇಸುಸಭೆಯವರು 2006ರಲ್ಲಿ ಆರಂಭಿಸಿದ ‘ಪ್ರೇ ಆ್ಯಸ್ ಯು ಗೋ’ ಇಂಗ್ಲಿಷಿನ ದೈನಿಕ ಪ್ರಾರ್ಥನೆ. ಹತ್ತು ಹನ್ನೆರಡು ನಿಮಿಷವಷ್ಟೇ. ಸ್ವಲ್ಪ ಸಂಗೀತ, ಬೈಬಲಿನ ಒಂದು ಭಾಗ, ಕೇಳುಗ ತನ್ನೊಳಗೆ ಕೇಳಿಕೊಳ್ಳಬೇಕಾದ ಒಂದೆರಡು ಪ್ರಶ್ನೆ, ನಡುನಡುವೆ ಮೌನ. ಅಲ್ಲಿ ಬೋಧಕನ ಹೆಸರು ಮುಂದೆ ಬರುವುದಿಲ್ಲ. ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಮಾತಿನ ಕಾರ್ಯಕ್ರಮವೊಂದು ಮೌನಕ್ಕೆ ಜಾಗ ಬಿಡುವುದೇ ಅದರ ಯೋಗ್ಯತೆಗೆ ಗುರುತು.

ಎರಡನೆಯದು ‘ದಿ ಬೈಬಲ್ ಇನ್ ಎ ಇಯರ್’. ಅಮೆರಿಕದ ಕ್ಯಾಥೊಲಿಕ್ ಪಾದ್ರಿ ಮೈಕ್ ಶ್ಮಿಟ್ಜ್ 2021ರ ಜನವರಿ 1ರಂದು ಇದನ್ನು ಆರಂಭಿಸಿದರು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಬೈಬಲ್ ವಾಚನ, ಚಿಕ್ಕ ವಿವರಣೆ, ಪ್ರಾರ್ಥನೆ. 365 ಕಂತುಗಳಿಗೆ ಇಡೀ ಬೈಬಲ್ ಮುಗಿಯುತ್ತದೆ. ಹೊರಬಂದ ಕೂಡಲೇ ಇದು ಅಮೆರಿಕದ ಆ್ಯಪಲ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆದರೆ ಅದರ ಗುಣ ಇರುವುದು ಆ ಸ್ಥಾನದಲ್ಲಲ್ಲ. ದಿನದ ಹೆಚ್ಚಿನ ಪಾಲು ಮಾತು ಪಾದ್ರಿಯದಲ್ಲ, ಗ್ರಂಥದ್ದು. ಯಾಜಕಕಾಂಡದ ಒಣ ನಿಯಮಗಳನ್ನೂ ವಂಶಾವಳಿಯ ಹೆಸರುಗಳನ್ನೂ ಬಿಡದೆ ಓದಲಾಗುತ್ತದೆ. ವರ್ಷ ಮುಗಿದಾಗ ಕೇಳುಗನಿಗೆ ಶ್ಮಿಟ್ಜ್ ಅವರಿಗಿಂತ ಬೈಬಲ್ಲೇ ಹೆಚ್ಚು ಪರಿಚಯವಾಗಿರುತ್ತದೆ. ಒಂದು ಮಾತು ಮಾತ್ರ ಮೊದಲೇ ತಿಳಿದಿರಬೇಕು. ಕ್ಯಾಥೊಲಿಕ್ ಬೈಬಲಿನಲ್ಲಿ 73 ಪುಸ್ತಕಗಳು, ಪ್ರಾಟೆಸ್ಟೆಂಟ್ ಸತ್ಯವೇದದಲ್ಲಿ 66. ತೋಬಿತ, ಯೂದಿತಳ ಕಥೆಗಳು ಬಂದಾಗ ಸಿಎಸ್‌ಐ ಮನೆಯವರು ಗಾಬರಿಯಾಗಬೇಕಿಲ್ಲ.

ಎರಡನೆಯ ಜಾತಿ ಹೇಗಿರುತ್ತದೆ? ಅಲ್ಲಿ ದಿನವೂ ಒಬ್ಬ ಶತ್ರು ಬೇಕು. ಇವತ್ತು ಆ ಬೋಧಕನ ತಪ್ಪು, ನಾಳೆ ಈ ಸಭೆಯ ಭ್ರಷ್ಟತೆ, ನಾಡಿದ್ದು ಲೋಕದ ಅಂತ್ಯದ ದಿನಾಂಕ. ಕೇಳುಗನ ರಕ್ತ ಬಿಸಿಯಾಗುತ್ತದೆ. ತಾನು ಸರಿಯಾದ ಪಕ್ಷದಲ್ಲಿದ್ದೇನೆ ಎಂಬ ಸುಖವೂ ಸಿಗುತ್ತದೆ. ಅದನ್ನೇ ಭಕ್ತಿಯೆಂದು ತಿಳಿದುಬಿಡುವ ಅಪಾಯವಿದೆ. ಸಭೆಯೊಂದರ ಪತನದ ಕಥೆಯನ್ನು ಎಚ್ಚರಕ್ಕಾಗಿ ಒಮ್ಮೆ ಕೇಳುವುದು ಬೇರೆ, ಪತನದ ಕಥೆಗಳನ್ನೇ ಚಪ್ಪರಿಸುವುದು ಬೇರೆ.

ಗ್ರಂಥ ಬಿಚ್ಚಿ ಕೇಳುವುದು

ಡಿಡಾಖೆಯ ಮೂರು ಅಳತೆಗಳ ಜೊತೆಗೆ ಬೈಬಲಿನದೇ ಆದ ನಾಲ್ಕನೆಯದೊಂದನ್ನು ಸೇರಿಸಬೇಕು. ಪೌಲ ಮತ್ತು ಸೀಲ ಥೆಸಲೋನಿಕದಿಂದ ರಾತ್ರೋರಾತ್ರಿ ಹೊರಟು ಬೆರೋಯ ಎಂಬ ಊರಿಗೆ ಬಂದಾಗ, ಅಲ್ಲಿಯ ಜನ ಮನಸ್ಸಿಟ್ಟು ಕೇಳಿದರು. ಕೇಳಿದ್ದು ನಿಜವೇ ಎಂದು ದಿನವೂ ಗ್ರಂಥ ಬಿಚ್ಚಿ ನೋಡಿದರು. ಪೌಲನಂಥವನ ಮಾತನ್ನೂ ಒರೆಗೆ ಹಚ್ಚಿದ ಅವರನ್ನು ಬೈಬಲ್ ಹಳಿಯುವುದಿಲ್ಲ, ಹೊಗಳುತ್ತದೆ. ಪೌಲನಿಗೇ ಸಲ್ಲುವ ಪರೀಕ್ಷೆ ಪಾಡ್‌ಕಾಸ್ಟ್ ಬೋಧಕನಿಗೆ ಸಲ್ಲದೆ ಹೋದೀತೆ? ಯಾವ ಅಧ್ಯಾಯ, ಯಾವ ವಾಕ್ಯ ಎಂದು ಹೇಳಿ, ಮನೆಗೆ ಹೋಗಿ ಓದಿ ನೋಡಿ ಎನ್ನುವವನು ಕೇಳುಗನನ್ನು ಬೆಳೆಸುತ್ತಾನೆ. ನನಗೆ ನಿನ್ನೆ ರಾತ್ರಿ ದರ್ಶನವಾಯಿತು, ನಂಬಿರಿ ಎನ್ನುವವನು ಅವನನ್ನು ಮಗುವಾಗಿಯೇ ಉಳಿಸುತ್ತಾನೆ.

ಇದಕ್ಕೆ ಕೇಳುವ ಕ್ರಮವೂ ಸರಿಯಿರಬೇಕು. ಪಾತ್ರೆ ತೊಳೆಯುತ್ತ, ಸ್ಕೂಟರ್ ಓಡಿಸುತ್ತ, ದನಿಯನ್ನು ಒಂದೂವರೆಪಟ್ಟು ವೇಗಕ್ಕೆ ಏರಿಸಿ ಕೇಳುವವರು ಈಗ ಹೆಚ್ಚು. ಕಿವಿಗೆ ಬೀಳುವುದು ಬೇರೆ, ಕಿವಿಗೊಡುವುದು ಬೇರೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠಗಳಿಗೆ ಬರೆದ ನಿಯಮಾವಳಿಯಲ್ಲಿ ಊಟದ ಹೊತ್ತಿನ ವಾಚನಕ್ಕೇ ಒಂದು ಅಧ್ಯಾಯವಿದೆ. ವಾರಕ್ಕೊಬ್ಬ ವಾಚಕ ಓದಬೇಕು; ಉಳಿದವರು ಪಿಸುಗುಟ್ಟದೆ ಉಣ್ಣಬೇಕು, ನೀರು ಬೇಕಿದ್ದರೂ ಸನ್ನೆಯಲ್ಲೇ ಕೇಳಬೇಕು. ಓದುವ ಕೆಲಸ ಹಿರಿತನ ನೋಡಿ ಕೊಡತಕ್ಕದ್ದಲ್ಲ, ಕೇಳುವವರಿಗೆ ಒಳಿತಾಗುವಂತೆ ಓದಬಲ್ಲವರಿಗೆ ಕೊಡತಕ್ಕದ್ದು ಎಂದು ಅದೇ ಅಧ್ಯಾಯ ಹೇಳುತ್ತದೆ. ಕೈಗೆ ಕೆಲಸವಿರುವಾಗ ಕೇಳಬಾರದೆಂದಲ್ಲ. ಆದರೆ ಕೇಳುವ ಹೊತ್ತು ಬೇರೆ ಹೊತ್ತಿನಂತಿರಬಾರದು ಎಂಬುದನ್ನು ಆ ಸಂನ್ಯಾಸಿಗಳಿಂದ ಕಲಿಯಬಹುದು.

ದಿನಕ್ಕೊಂದು ಚಿಕ್ಕ ಪ್ರಾರ್ಥನೆಯ ಕಾರ್ಯಕ್ರಮ, ವಾರಕ್ಕೊಂದು ದೊಡ್ಡ ಪಾಠ. ಹೆಚ್ಚಿನವರಿಗೆ ಇಷ್ಟು ಸಾಕು. ಹತ್ತು ಕಡೆ ಚಂದಾದಾರರಾಗಿ ಒಂದನ್ನೂ ಪೂರ್ತಿ ಕೇಳದೆ ಬಿಡುವುದಕ್ಕಿಂತ ಒಂದನ್ನು ಹಿಡಿದು ಮೂರು ತಿಂಗಳು ಕೇಳುವುದು ಮೇಲು. ಕೇಳಿದ್ದನ್ನು ಇನ್ನೊಬ್ಬರ ಜೊತೆ ಮಾತನಾಡುವುದೂ ಅಷ್ಟೇ ಮುಖ್ಯ. ಒಂದೇ ಕಂತನ್ನು ಗಂಡಹೆಂಡಿರು, ಇಬ್ಬರು ಗೆಳೆಯರು, ಪ್ರಾರ್ಥನಾಕೂಟದ ನಾಲ್ಕು ಮಂದಿ ಕೇಳಿ ಬಂದು ಚರ್ಚಿಸಿದರೆ, ಒಬ್ಬರ ಕಿವಿ ತಪ್ಪಿಸಿದ್ದನ್ನು ಇನ್ನೊಬ್ಬರ ಕಿವಿ ಹಿಡಿದಿರುತ್ತದೆ.

ಕನ್ನಡದ ಕಿವಿ

ಮೇಲೆ ಹೇಳಿದ ಕಾರ್ಯಕ್ರಮಗಳೆಲ್ಲ ಇಂಗ್ಲಿಷಿನವು, ಹೆಚ್ಚಿನವು ಅಮೆರಿಕದವು. ಅವುಗಳ ಜೊತೆಗೆ ಅಮೆರಿಕದ ಚುನಾವಣೆ, ಬಂದೂಕು, ಪಕ್ಷಗಳ ಜಗಳವೂ ಕೆಲವೊಮ್ಮೆ ಮೂಟೆ ಕಟ್ಟಿಕೊಂಡು ಬರುತ್ತದೆ. ಅಲ್ಲಿಯ ಸಭೆಗಳನ್ನು ಒಡೆದ ಜಗಳ ಬಳ್ಳಾರಿಯ ಅಥವಾ ಚಾಮರಾಜನಗರದ ಭಕ್ತನ ಜಗಳವಲ್ಲ. ಗ್ರಂಥದ ಪಾಠವನ್ನು ತೆಗೆದುಕೊಂಡು ಊರಿನ ರಾಜಕೀಯವನ್ನು ಬಿಡುವ ವಿವೇಕ ಬೇಕಾಗುತ್ತದೆ.

ಕನ್ನಡದಲ್ಲಿ ಕೇಳಬೇಕೆನ್ನುವವರಿಗೆ ಎಲ್ಲಕ್ಕಿಂತ ಮೊದಲು ಕೈಗೆ ಸಿಗುವುದು ಬೈಬಲಿನ ಧ್ವನಿರೂಪವೇ. ಬೈಬಲ್ ಡಾಟ್ ಈಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಕಣ್ಣು ಮಂಜಾದ ಅಜ್ಜಿಗೆ, ಅಕ್ಷರ ಬಾರದ ತೋಟದ ಕೆಲಸದವರಿಗೆ, ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಕರಾವಳಿಯ ದಾದಿಗೆ ಇದೊಂದೇ ಎಷ್ಟೋ ಬೋಧಕರ ಸಮ. ವ್ಯಾಟಿಕನ್‌ನ ಸುದ್ದಿಸೇವೆಯ ಭಾಷೆಗಳ ಸಾಲಿಗೆ 2024ರಲ್ಲಿ ಕನ್ನಡವೂ ಸೇರಿತು. ಇನ್ನು ಯೂಟ್ಯೂಬ್‌ನಲ್ಲಿ ಕನ್ನಡದ ಪ್ರಸಂಗಗಳಿಗೆ ಬರವಿಲ್ಲ. ಅಲ್ಲಿ ತಲೆಬರಹದ ಅಬ್ಬರ ನೋಡಿ ಒಳಗೆ ಹೋಗುವ ಬದಲು, ತಮ್ಮದೇ ಊರಿನ ಸಭಾಪಾಲಕರನ್ನೋ ಫಾದರನ್ನೋ ಯಾವುದನ್ನು ಕೇಳಬಹುದೆಂದು ವಿಚಾರಿಸುವುದು ಮೇಲು. ಅವರ ಪ್ರಸಂಗ ಅಷ್ಟು ರಂಜಕವಾಗಿರಲಿಕ್ಕಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಅನ್ನಿಸಬಹುದು. ಆದರೆ ಮನೆಯಲ್ಲಿ ಸಾವಾದಾಗ ಬಾಗಿಲಿಗೆ ಬರುವವರು ಅವರೇ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಪ್ರಾರ್ಥಿಸುವವರೂ ಅವರೇ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಯಾವ ಇಯರ್‌ಫೋನೂ ಕೈಗೆ ಕೊಡಲಾರದು. ಪಾಡ್‌ಕಾಸ್ಟ್ ಕೇಳಿದ ಮೇಲೆ ಭಾನುವಾರದ ಆರಾಧನೆಯೇ ಬೇಡವೆನಿಸತೊಡಗಿದರೆ, ಅತಿಥಿ ಮೂರನೆಯ ದಿನವೂ ಉಳಿದುಕೊಂಡಿದ್ದಾನೆ ಎಂದೇ ತಿಳಿಯಬೇಕು.

ಹಾಗಾದರೆ ಆರಿಸಿದ ಪಾಡ್‌ಕಾಸ್ಟ್ ಒಳ್ಳೆಯದೆಂದು ಕೊನೆಗೆ ತಿಳಿಯುವುದು ಹೇಗೆ? ಮೂರು ತಿಂಗಳಾದ ಮೇಲೆ ಕೆಲವು ಸಣ್ಣ ಲೆಕ್ಕ ಹಾಕಿ ನೋಡಬಹುದು. ಶೆಲ್ಫಿನಲ್ಲಿದ್ದ ಬೈಬಲ್ ಕೆಳಗಿಳಿಯಿತೇ? ಇಯರ್‌ಫೋನ್ ಇಲ್ಲದೆಯೂ ಐದು ನಿಮಿಷ ಸುಮ್ಮನೆ ಪ್ರಾರ್ಥನೆಗೆ ಕೂರಲು ಸಾಧ್ಯವಾಯಿತೇ? ಮಾತು ಬಿಟ್ಟಿದ್ದ ಅಣ್ಣನಿಗೆ ಒಂದು ಫೋನು ಹೋಯಿತೇ? ಸಿಟ್ಟು ಕಡಿಮೆಯಾಯಿತೇ? ಈ ಪ್ರಶ್ನೆಗಳಿಗೆ ಕೇಳುಗ ತಾನೇ ಉತ್ತರ ಬರೆದುಕೊಳ್ಳುವುದಕ್ಕಿಂತ ಮನೆಯವರನ್ನು ಕೇಳುವುದು ಹೆಚ್ಚು ಭರವಸೆಯ ದಾರಿ. ಅವರು ಪಾಡ್‌ಕಾಸ್ಟ್ ಕೇಳಿರುವುದಿಲ್ಲ, ಅದನ್ನು ಕೇಳಿದವನನ್ನು ದಿನವೂ ನೋಡಿರುತ್ತಾರೆ.